ಕೊನೆಗೂ ತಾಮ್ರ ಕರಗಿತು, ಮಾಸ್ಫೆಟ್ ಸುಡುವ ಕಾರಣವೂ ಸಿಕ್ಕಿತು

ನಾನೇ ಕಟ್ಟಿದ ಇಂಡಕ್ಷನ್ ಹೀಟರಿನಲ್ಲಿ (ಕಾಯಿಲಿನ ಕಾಂತಕ್ಷೇತ್ರದಿಂದ ಲೋಹ ಕಾಯಿಸುವ ಕುಲುಮೆ) ನಿನ್ನೆ ರಾತ್ರಿ ತಾಮ್ರ ಕರಗಿತು! ಗ್ರಾಫೈಟ್ ಮೂಸೆಯೊಳಗೆ ತಂತಿ ತುಂಡುಗಳು ಮೊದಲು ಕೆಂಪಾಗಿ ಬಾಗಿದವು. ಆಮೇಲೆ ಅಂಚು ಮೆತ್ತಗಾಗಿ, ಒಂದೇ ಸಲ ಎಲ್ಲ ಸೇರಿ ದುಂಡಗಾದವು. 1085 ಡಿಗ್ರಿ ಅಂದರೆ ಏನು ಅಂತ ಕಣ್ಣಾರೆ ನೋಡಿದೆ.

ಕಾಯಿಲ್ ಸುತ್ತುವುದು, ನೀರಿನ ಪಂಪು, ಸೆರಾಮಿಕ್ ಉಣ್ಣೆ ಎಲ್ಲ ನಿಮಗೆ ಗೊತ್ತಿರುವುದೇ. ನನ್ನನ್ನು ಕಾಡಿದ್ದು ಮಾಸ್ಫೆಟ್, ಅಂದರೆ ಕರೆಂಟನ್ನು ಅತಿ ವೇಗವಾಗಿ ಆನ್-ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್. ಖಾಲಿ ಕಾಯಿಲ್ ಇದ್ದರೆ, ಎರಡು ಮಾಸ್ಫೆಟ್‌ಗಳನ್ನು ಸರದಿಯಂತೆ ತೆರೆದು ಮುಚ್ಚಿ ಕಾಯಿಲಿಗೆ ಕರೆಂಟ್ ಕೊಡುವ ಝಡ್‌ವಿಎಸ್ ಬೋರ್ಡು ಆರಾಮವಾಗಿ ಓಡುತ್ತಿತ್ತು. ಮೂಸೆ ಇಟ್ಟು ಸ್ವಿಚ್ ಹಾಕಿದರೆ ಟಪ್ ಅಂತ ಒಂದು ಸತ್ತೇ ಹೋಗುತ್ತಿತ್ತು.

ಮೊದಲು ನಕಲಿ ಮಾಲು ಅಂದುಕೊಂಡೆ. ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ 'ಒರಿಜಿನಲ್ಲೇ ಸಾರ್' ಅಂತ ಕೊಟ್ಟಿದ್ದನ್ನು ಥಿನ್ನರ್ ಹಾಕಿ ಒರೆಸಿದರೆ ಅಕ್ಷರವೇ ಅಳಿಸಿಹೋಯಿತು. ಇಂಥವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಆದರೆ ಬೇರೆ ಕಡೆಯಿಂದ ತರಿಸಿದ ಅಸಲಿ ಐಆರ್‌ಎಫ್‌ಪಿ 260 ಮಾಸ್ಫೆಟ್ ಕೂಡ ಹಾಗೇ ಸುಟ್ಟಿತು. ವೋಲ್ಟೇಜ್ ಜಾಸ್ತಿಯಾಯಿತೇ? ಇಲ್ಲ. 48 ವೋಲ್ಟ್ ಕೊಟ್ಟರೆ ಕಾಯಿಲ್ ತುದಿಯಲ್ಲಿ ಅದರ ಮೂರು ಪಟ್ಟು ಚಿಲ್ಲರೆ, ಅಂದರೆ ಸುಮಾರು 150 ಬರುತ್ತದೆ. ಈ ಮಾಸ್ಫೆಟ್ 200 ವೋಲ್ಟ್ ತಡೆಯುತ್ತದೆ. ಹೀಟ್‌ಸಿಂಕ್ ಕೂಡ ತಣ್ಣಗೇ ಇತ್ತು.

ಆಸಿಲೋಸ್ಕೋಪ್ (ವೋಲ್ಟೇಜಿನ ಏರಿಳಿತ ತೋರಿಸುವ ಉಪಕರಣ) ಹಚ್ಚಿದಾಗ ಗುಟ್ಟು ಬಯಲಾಯಿತು. ಎಸ್‌ಎಂಪಿಎಸ್ (48 ವೋಲ್ಟ್ ಕೊಡುವ ಪವರ್ ಸಪ್ಲೈ) ಒಮ್ಮೆಲೇ 48ಕ್ಕೆ ಏರುವುದಿಲ್ಲ, ನಿಧಾನವಾಗಿ ಏರುತ್ತದೆ. ಮಾಸ್ಫೆಟ್ಟನ್ನು ತೆರೆದು ಮುಚ್ಚುವ ಕಾಲಾದ ಗೇಟಿಗೂ ಅದೇ ಲೈನಿನಿಂದ ಪವರ್, ಅದೂ ನಿಧಾನವಾಗಿಯೇ ಏರುತ್ತದೆ. ಹಾಗಾಗಿ ಎರಡೂ ಮಾಸ್ಫೆಟ್ ಒಟ್ಟಿಗೇ ತೆರೆದುಕೊಳ್ಳುತ್ತವೆ. ಕಾಯಿಲ್ ಖಾಲಿ ಇದ್ದರೆ ಅಷ್ಟು ಕಡಿಮೆ ವೋಲ್ಟೇಜಿನಲ್ಲೂ ಆಸಿಲೇಶನ್ (ಎರಡೂ ಸರದಿಯಂತೆ ತೆರೆದು ಮುಚ್ಚುವುದು) ಶುರುವಾಗಿಬಿಡುತ್ತದೆ. ಮೂಸೆ ಇದ್ದರೆ ಆಗುವುದಿಲ್ಲ. ಎರಡೂ ತೆರೆದೇ ಇರುತ್ತವೆ, ಲೈನಿನ ಕರೆಂಟ್ ಒಮ್ಮೆಲೇ ಏರದಂತೆ ತಡೆಯುವ ಚೋಕ್ ಸ್ಯಾಚುರೇಟ್ ಆಗಿ ತಡೆಯುವ ಶಕ್ತಿ ಕಳೆದುಕೊಳ್ಳುತ್ತದೆ, ಆಮೇಲೆ ನೇರ ಶಾರ್ಟ್.

ಪರಿಹಾರ ಸುಲಭ. ಗೇಟ್ ರೆಸಿಸ್ಟರುಗಳನ್ನು 48ರಿಂದ ಬಿಡಿಸಿ ಬೇರೆ 12 ವೋಲ್ಟ್ ಅಡಾಪ್ಟರಿಗೆ ಕೊಟ್ಟೆ. ಗ್ರೌಂಡ್ ಮಾತ್ರ ಒಂದೇ. ಮೊದಲು 48 ಪೂರ್ತಿ ಏರಿ ನಿಲ್ಲಬೇಕು, ಆಮೇಲೆ ಗೇಟ್ ಸ್ವಿಚ್. ಮೂಸೆ ಒಮ್ಮೆಲೇ ಕರೆಂಟ್ ಎಳೆದಾಗ ಲೈನ್ ಕುಸಿಯದ ಹಾಗೆ ದೊಡ್ಡ ಕೆಪಾಸಿಟರುಗಳನ್ನೂ ಸೇರಿಸಿದೆ. ಅಲ್ಲಿಂದ ಒಂದೂ ಸತ್ತಿಲ್ಲ.

ಬೆಳಗಾವಿಯ ಫೌಂಡ್ರಿಗಳಲ್ಲಿ ಗ್ರಾಫೈಟ್ ಇಲ್ಲದೇ ಕಬ್ಬಿಣ ಕರಗಿಸ್ತಾರಲ್ಲ, ನಿನಗ್ಯಾಕೆ ಬೇಕು ಅಂತ ಗೆಳೆಯರೊಬ್ಬರು ಕೇಳಿದರು. ಅಲ್ಲಿ ಲೋಹವೇ ರಾಶಿಗಟ್ಟಲೆ ಇರುತ್ತದೆ, ಫ್ರೀಕ್ವೆನ್ಸಿ ಕಡಿಮೆ, ಕರೆಂಟ್ ಲೋಹದೊಳಗೇ ಸುತ್ತುತ್ತದೆ. ನಮ್ಮ 100 ಕಿಲೋಹರ್ಟ್ಸಿನಲ್ಲಿ ತಾಮ್ರದ ಮೈಮೇಲಿನ 0.2 ಮಿಲಿಮೀಟರಿನಷ್ಟು ಮಾತ್ರ ಕರೆಂಟ್ ಹರಿಯುತ್ತದೆ, ಅದರ ರೆಸಿಸ್ಟೆನ್ಸೂ ತೀರಾ ಕಡಿಮೆ, ಹಾಗಾಗಿ ತಾಮ್ರ ತಾನಾಗಿ ಅಷ್ಟು ಬಿಸಿಯಾಗುವುದಿಲ್ಲ. ಗ್ರಾಫೈಟಿನ ರೆಸಿಸ್ಟಿವಿಟಿ ಅದಕ್ಕಿಂತ ನೂರಾರು ಪಟ್ಟು. ಕಾಯುವುದು ಮೂಸೆ, ಅದರ ಕಾವಿಗೆ ತಾಮ್ರ ಕರಗುತ್ತದೆ. ಕಬ್ಬಿಣಕ್ಕೆ ಈ ಮೂಸೆ ಆಗುವುದಿಲ್ಲ, ಕಾರ್ಬನ್ ಹೀರಿಕೊಳ್ಳುತ್ತದೆ.

ಹಿತ್ತಾಳೆ ಸದ್ಯಕ್ಕೆ ಬೇಡ. ಸತು 907 ಡಿಗ್ರಿಗೇ ಕುದಿದು ಬಿಳಿ ಹೊಗೆ ಏಳುತ್ತದೆ, ನನ್ನ ಶೆಡ್ಡಿಗೆ ಸರಿಯಾದ ಎಕ್ಸಾಸ್ಟ್ ಇಲ್ಲ. ಅದರ ಬದಲು ಕಂಚಿನ ಗಂಟೆ ಎರಕ ಹೊಯ್ಯಬೇಕು ಅಂತಿದ್ದೇನೆ. ತಾಮ್ರ 78, ತವರ 22. ಮೇಣದ ಮಾದರಿ ಆಗಲೇ ಅರ್ಧ ಆಗಿದೆ. ಕಲಾಯಿ ಹಾಕುವವರನ್ನು ವಿಚಾರಿಸಬೇಕು. ಅರ್ಧ ಕೆಜಿ ಶುದ್ಧ ತವರ ಚಿಲ್ಲರೆಗೆ ಸಿಗುವ ಜಾಗ ಗೊತ್ತಿದ್ದರೆ ದಯವಿಟ್ಟು ತಿಳಿಸಿ.