ಚಂಡೀಗಢದ ರಾಕ್ ಗಾರ್ಡನ್: ಗೊಂಬೆಗಳ ಅಂಗಳಕ್ಕೆ ಸಮಯ ಉಳಿಸಿಕೊಳ್ಳಿ

ಶಿಮ್ಲಾ, ಮನಾಲಿಗೆ ಹೋಗುವವರು ದಾರಿಯಲ್ಲಿ ಚಂಡೀಗಢದ ರಾಕ್ ಗಾರ್ಡನ್‌ಗೆ ಒಂದು ಗಂಟೆ ಇಟ್ಟಿರುತ್ತಾರೆ. ಅದು ಖಂಡಿತ ಸಾಲದು. ಶಿಲ್ಪ, ಗೊಂಬೆ, ಕೈಕೆಲಸ ಅಂದ್ರೆ ನಿಮಗೆ ಇಷ್ಟ ಇದ್ದರೆ ಅರ್ಧ ದಿನವನ್ನೇ ಇಡಿ.

ಹೋಗುವ ಮೊದಲು, ಬಿಸಾಡಿದ ಸಾಮಾನಿನಿಂದಲೇ ಈ ಶಿಲ್ಪಗಳ ತೋಟ ಕಟ್ಟಿದ ನೇಕ್ ಚಂದ್ ಅವರ ಬಗ್ಗೆ ಸ್ವಲ್ಪ ತಿಳಿದುಕೊಂಡಿದ್ದರೆ ನೋಡುವ ಕಣ್ಣೇ ಬೇರೆಯಾಗುತ್ತದೆ. ಅವರು ಯಾವ ಕಲಾಶಾಲೆಗೂ ಹೋದವರಲ್ಲ. 1924ರಲ್ಲಿ ಈಗಿನ ಪಾಕಿಸ್ತಾನದಲ್ಲಿರುವ ಹಳ್ಳಿಯೊಂದರಲ್ಲಿ ಹುಟ್ಟಿ, ದೇಶ ಒಡೆದಾಗ ಊರು ಬಿಟ್ಟು ಬಂದರು. ಚಂಡೀಗಢದಲ್ಲಿ ಲೋಕೋಪಯೋಗಿ ಇಲಾಖೆಯ ರಸ್ತೆ ಇನ್‌ಸ್ಪೆಕ್ಟರ್ ಆದರು. ಹೊಸ ನಗರ ಕಟ್ಟಲು ಹಳ್ಳಿಗಳನ್ನು ತೆರವು ಮಾಡಿದ್ದರು. ಅಲ್ಲಿ ಉಳಿದ ಒಡಕು ಪಾತ್ರೆ, ಹೆಂಚು, ಬಳೆ ಚೂರು ಎಲ್ಲವನ್ನೂ ಸೈಕಲ್ ಮೇಲೆ ಹೊತ್ತು ತಂದರು. ಏನೂ ಕಟ್ಟಬಾರದು ಅಂತ ಮೀಸಲಿಟ್ಟಿದ್ದ ಕಾಡಿನಲ್ಲಿ, ಕೆಲಸ ಮುಗಿದ ಮೇಲೆ, ಗುಟ್ಟಾಗಿ ಹಲವು ವರ್ಷ ದುಡಿದರು. 1970ರ ದಶಕದ ನಡುವೆ ಅದು ಅಧಿಕಾರಿಗಳ ಕಣ್ಣಿಗೆ ಬಿತ್ತು. ಕಾನೂನು ನೋಡಿದರೆ ಕೆಡವಬೇಕಿತ್ತು. ಹಾಗಾಗಲಿಲ್ಲ. 1976ರಲ್ಲಿ ಜನರಿಗೆ ತೆರೆದರು. ಅವರಿಗೆ ಅದೇ ಕೆಲಸಕ್ಕೆ ಸಂಬಳ ಕೊಟ್ಟು, ಜೊತೆಗೆ 50 ಕೆಲಸಗಾರರನ್ನೂ ಕೊಟ್ಟರು. 1990ರಲ್ಲಿ ರಸ್ತೆಗಾಗಿ ಬುಲ್ಡೋಜರ್ ಬಂದಾಗ ಊರಿನವರೇ ಅಡ್ಡ ನಿಂತು ಉಳಿಸಿಕೊಂಡರು. ನೇಕ್ ಚಂದ್ ತೀರಿಕೊಂಡಿದ್ದು 2015ರಲ್ಲಿ.

ಒಳಗೆ ದಾರಿ ಇಕ್ಕಟ್ಟು, ಬಾಗಿಲುಗಳು ಗಿಡ್ಡ. ತಲೆ ಬಗ್ಗಿಸಿಯೇ ನಡೀಬೇಕು. ಒಂದು ತಿರುವು ದಾಟಿದರೆ ಮುಂದೇನಿದೆ ಅಂತ ಗೊತ್ತಾಗುವುದಿಲ್ಲ. ಮೆಟ್ಟಿಲು, ಏರಿಳಿತ ಜಾಸ್ತಿ. ಮಂಡಿ ನೋವಿರುವ ಹಿರಿಯರು ಜೊತೆಗಿದ್ದರೆ ನಿಧಾನವಾಗಿ ಹೋಗಿ. ಜನರ ಸಾಲು ಒಂದೇ ಕಡೆ ಸಾಗುವುದರಿಂದ ಹಿಂದೆ ಬಂದು ಮತ್ತೆ ನೋಡುವುದು ಕಷ್ಟ. ಹಾಗಾಗಿ ಮೆಚ್ಚಿದ ಜಾಗದಲ್ಲಿ ಆಗಲೇ ನಿಂತುಬಿಡಿ.

ಹೆಚ್ಚಿನವರು ಜಲಪಾತದ ಹತ್ತಿರ, ಕಮಾನುಗಳ ಕೆಳಗಿನ ಉಯ್ಯಾಲೆಗಳ ಹತ್ತಿರ ಫೋಟೋ ತೆಗೆಯುತ್ತಾ ಸುಸ್ತಾಗುತ್ತಾರೆ. ಗೊಂಬೆಗಳು ಗುಂಪುಗುಂಪಾಗಿ ನಿಂತಿರುವ ಅಂಗಳಗಳಿಗೆ ಬಂದಾಗ ಸುಮ್ನೆ ದಾಟಿಕೊಂಡು ಹೋಗುತ್ತಾರೆ. ನನಗೆ ಬೇಜಾರಾಗಿದ್ದು ಇದೇ. ಈ ತೋಟದ ಜೀವ ಇರುವುದೇ ಆ ಅಂಗಳಗಳಲ್ಲಿ. ಕುಣಿಯುವ ಹೆಂಗಸರು, ಕೊಡ ಹೊತ್ತವರು, ವಾದ್ಯ ನುಡಿಸುವವರು, ಕೋತಿ, ಕರಡಿ, ಹಕ್ಕಿ ಎಲ್ಲ ಜಾತ್ರೆಗೆ ನೆರೆದ ಊರಿನ ಹಾಗೆ ಸಾಲಾಗಿ ನಿಂತಿವೆ.

ಹತ್ತಿರ ಹೋಗಿ ನೋಡಿ. ಹಳೆ ಸೈಕಲ್ ಭಾಗ, ಕಬ್ಬಿಣದ ಸರಳು ಸೇರಿಸಿ ಮೊದಲು ಎಲುಬುಗೂಡು ಮಾಡುತ್ತಿದ್ದರು. ಅದರ ಮೇಲೆ ಸಿಮೆಂಟು, ಮರಳು. ಅದು ಹಸಿಯಾಗಿದ್ದಾಗಲೇ ಬಳೆ ಚೂರು, ಪಿಂಗಾಣಿ ಚೂರು ಒತ್ತುತ್ತಿದ್ದರು. ಬಳೆ ಚೂರು ಒತ್ತಿದ ಗೊಂಬೆಗೆ ಸೀರೆ ಉಟ್ಟ ಕಳೆ ಬರುತ್ತದೆ. ಪಿಂಗಾಣಿ ಒತ್ತಿದ ಮೈ ನುಣುಪಾಗಿ, ಬೆಳ್ಳಗೆ ಹೊಳೆಯುತ್ತದೆ. ಕುಲುಮೆಯ ಕಿಟ್ಟ ಹಾಕಿದ ಕಡೆ ಒರಟು, ಕಪ್ಪು. ಬಿಸಾಡಿದ ಪ್ರತಿ ಸಾಮಾನಿಗೂ ಅದಕ್ಕೆ ಒಪ್ಪುವ ಮೈ ಹುಡುಕಿದ್ದಾರೆ. ಮುಖಗಳು ಮಾತ್ರ ತೀರಾ ಸರಳ. ಕಣ್ಣು, ಮೂಗು, ಬಾಯಿ ಅಷ್ಟೇ. ಆದರೂ ಒಂದರ ಹಾಗೆ ಇನ್ನೊಂದಿಲ್ಲ, ಅದೇ ಸೋಜಿಗ ಅಲ್ವಾ? ದಯವಿಟ್ಟು ಮುಟ್ಟಬೇಡಿ. ಒತ್ತಿದ ಚೂರು ಉದುರಿದರೆ ಮೊದಲಿನ ಹಾಗೆ ಕೂರಿಸುವುದು ಸುಲಭವಲ್ಲ.

ಒಳಗೇ ಇರುವ ಬಟ್ಟೆ ಗೊಂಬೆಗಳ ಮ್ಯೂಸಿಯಂ ಬಿಡಬೇಡಿ. ಚಿಂದಿ ಬಟ್ಟೆ ಸುತ್ತಿ ಮಾಡಿದ ಆಳೆತ್ತರದ ಗೊಂಬೆಗಳು ಅಲ್ಲಿವೆ. ಸಿಮೆಂಟಿನಲ್ಲಿ ಬಿಗಿಯಾಗಿ ನಿಂತವರು ಬಟ್ಟೆಯಲ್ಲಿ ಮೆತ್ತಗಾಗಿ, ಬಾಗಿ ಬಳುಕುತ್ತಾರೆ. ಒಬ್ಬರದೇ ಕೈ, ಎರಡು ಥರದ ಮೈ.

ಬೆಳಿಗ್ಗೆ ತೆರೆಯುವ ಹೊತ್ತಿಗೇ ಹೋಗಿ, ವಾರಾಂತ್ಯ ಬೇಡ. ಮೇ, ಜೂನ್ ಬಿಸಿಲು ತಡೆಯಲಾಗದು. ಡಿಸೆಂಬರ್, ಜನವರಿಯಲ್ಲಿ ಮಂಜಿನಿಂದ ರೈಲು, ವಿಮಾನ ತಡವಾಗುತ್ತವೆ. ಅಕ್ಟೋಬರ್, ನವೆಂಬರ್ ಇಲ್ಲವೇ ಫೆಬ್ರವರಿ, ಮಾರ್ಚ್ ಒಳ್ಳೆಯದು. ದೆಹಲಿಯಿಂದ ಶತಾಬ್ದಿಯಲ್ಲಿ ಸುಮಾರು ಮೂರೂವರೆ ಗಂಟೆ. ಯಶವಂತಪುರದಿಂದ ಸಂಪರ್ಕ ಕ್ರಾಂತಿ ನೇರ ಚಂಡೀಗಢಕ್ಕೇ ಹೋಗುತ್ತದೆ, ಆದರೆ ದೂರದ ಪ್ರಯಾಣ. ಸುಖ್ನಾ ಕೆರೆ ರಾಕ್ ಗಾರ್ಡನ್‌ನಿಂದ ನಡೆದು ಹೋಗುವಷ್ಟು ಹತ್ತಿರ.

ಇನ್ನೂ ಸಮಯ ಇದ್ದರೆ ಸೆಕ್ಟರ್ 10ರ ಸರ್ಕಾರಿ ಮ್ಯೂಸಿಯಂಗೆ ಹೋಗಿ. ದೇಶ ಒಡೆದಾಗ ಲಾಹೋರ್ ಮ್ಯೂಸಿಯಂನಿಂದ ಪಾಲಿಗೆ ಬಂದ ಗಾಂಧಾರ ಶಿಲ್ಪಗಳು, ಅಂದರೆ ವಾಯವ್ಯದ ಗಾಂಧಾರ ಸೀಮೆಯ ಪ್ರಾಚೀನ ಬೌದ್ಧ ಶಿಲ್ಪಗಳು, ಅಲ್ಲಿವೆ. ಕಲ್ಲಿನಲ್ಲಿ ಬಟ್ಟೆಯ ಮಡಿಕೆ ಕೆತ್ತಿದ್ದನ್ನು ನೋಡಿದಾಗ ಬಳೆ ಚೂರಿನ ಸೀರೆ ನೆನಪಾಗಿ, ಎರಡನ್ನೂ ಪಕ್ಕಪಕ್ಕ ಇಟ್ಟು ಯೋಚಿಸಿದೆ. ಸೋಮವಾರ ಆ ಮ್ಯೂಸಿಯಂಗೆ ರಜೆ. ಅದನ್ನು ನೋಡಿಕೊಂಡೇ ಟಿಕೆಟ್ ಬುಕ್ ಮಾಡಿ.