ನಮ್ಮ ಮನೆಯಲ್ಲಿ ಮೊದಲು ಯಾರಿದ್ದರು? ಚಕ್ಕುಬಂದಿ ಓದಿ

ಬಸವನಗುಡಿಯ ಹಳೇ ಮನೆಗಳ ಬೆನ್ನು ಹತ್ತಿದ್ದೇನೆ ಅಂತ ಗೊತ್ತಾದರೆ ಸಾಕು, ಎಲ್ಲರೂ ಕೇಳುವುದು ಒಂದೇ. "ನಮ್ಮ ಮನೆಯಲ್ಲಿ ಮೊದಲು ಯಾರಿದ್ದರು ಅಂತ ತಿಳ್ಕೊಳ್ಳೋದು ಹೇಗೆ? ಎಲ್ಲಿಂದ ಶುರು ಮಾಡೋದು?" ಯಾರಾದರೂ ದೊಡ್ಡ ಸಾಹಿತಿಯೋ ದಿವಾನರೋ ಇದ್ದಿರಬಹುದು ಅನ್ನೋ ಆಸೆ ಸುಮಾರು ಜನಕ್ಕೆ ಇರುತ್ತದೆ. ಇರಲಿ, ಆ ಆಸೆಯಿಂದ ಶುರು ಮಾಡಿದರೂ ತಪ್ಪಿಲ್ಲ. ನನ್ನ ಉತ್ತರ ಇಷ್ಟೇ. ಮನೆಯ ಹಳೇ ಕ್ರಯಪತ್ರ ತೆಗೆಯಿರಿ, ಮೊದಲು ಚಕ್ಕುಬಂದಿ ಓದಿ.

ಪತ್ರದ ಕೊನೆಯಲ್ಲಿ ಬರುವ ನಾಲ್ಕು ಸಾಲು ಅದು. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಇನ್ನೊಬ್ಬರ ಖಾಲಿ ನಿವೇಶನ, ದಕ್ಷಿಣಕ್ಕೆ ಕನ್ಸರ್ವೆನ್ಸಿ ಗಲ್ಲಿ. ಮಾರಿದವರು, ಕೊಂಡವರ ಹೆಸರು ಹೇಗೂ ಮೇಲೆ ಇರುತ್ತದೆ. ಈ ನಾಲ್ಕು ಸಾಲಲ್ಲಿ ಅಕ್ಕಪಕ್ಕದವರ ಹೆಸರೂ ಸಿಗುತ್ತದೆ, ಆ ವರ್ಷ ಯಾವ ಜಾಗ ಇನ್ನೂ ಖಾಲಿ ಇತ್ತು ಅನ್ನೋದೂ ಸಿಗುತ್ತದೆ. ಪಕ್ಕದ ಮನೆಯವರು ಅವರ ಪತ್ರ ತೋರಿಸಿದರಂತೂ ಕೇಳಲೇಬೇಡಿ. ಒಂದೇ ಬೀದಿಯ ನಾಲ್ಕೈದು ಪತ್ರಗಳನ್ನು ಎದುರಿಗಿಟ್ಟುಕೊಂಡು ಕೂತರೆ ಯಾವ ಮನೆ ಮೊದಲು ಎದ್ದಿತು, ಯಾವ ದೊಡ್ಡ ಸೈಟು ಅಣ್ಣತಮ್ಮಂದಿರ ಪಾಲಾಗಿ ಎರಡಾಯಿತು ಅನ್ನೋದೆಲ್ಲ ಬಿಡಿಸಿಕೊಳ್ಳುತ್ತಾ ಹೋಗುತ್ತದೆ.

ಆ ಗಲ್ಲಿಯ ಬಗ್ಗೆ ಒಂದು ಮಾತು ಹೇಳಲೇಬೇಕು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬಂದರು, ಬಸವನಗುಡಿ ಮತ್ತು ಮಲ್ಲೇಶ್ವರ ಬೆಳೆದದ್ದು ಆಗಲೇ. ಗಾಳಿ ಬೆಳಕು ಬೇಕು ಅಂತ ಅಗಲ ರಸ್ತೆ ಮಾಡಿದರು, ಮನೆಗಳ ಹಿಂದೆ ಮಲ ಸಾಗಿಸಲು ಸಣ್ಣ ಗಲ್ಲಿ ಬಿಟ್ಟರು. ಇವತ್ತು ಎಷ್ಟೋ ಕಡೆ ಆ ಗಲ್ಲಿ ಕಣ್ಣಿಗೇ ಬೀಳುವುದಿಲ್ಲ. ಪತ್ರದಲ್ಲಿ ಮಾತ್ರ ಹಾಗೇ ಇದೆ. ಅಲ್ಲಿ ಓಡಾಡಿ ಕೆಲಸ ಮಾಡಿದವರ ಹೆಸರು ಯಾವ ಚಕ್ಕುಬಂದಿಯಲ್ಲೂ ನನಗೆ ಸಿಕ್ಕಿಲ್ಲ. ಅದು ನನ್ನನ್ನು ಕಾಡುತ್ತದೆ.

ಪತ್ರವೇ ಇಲ್ಲ ಅಂದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇಸಿ ತೆಗೆಸಿ, ಅಂದರೆ ಆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಸಿಗುವುದು 2004ರ ಈಚಿನದು, ಅದಕ್ಕೂ ಹಿಂದಿನದಕ್ಕೆ ಕಚೇರಿಗೇ ಹೋಗಬೇಕು. ರಸ್ತೆಯ ಹೆಸರು ಬದಲಾಗಿರುತ್ತದೆ ಅನ್ನೋದು ನೆನಪಿರಲಿ. ಇವತ್ತಿನ ಡಿವಿಜಿ ರಸ್ತೆ ಹಳೇ ಪತ್ರದಲ್ಲಿ ನಾಗಸಂದ್ರ ರಸ್ತೆ. ಮನೆ ನಂಬರಂತೂ ಬದಲಾಗುತ್ತಲೇ ಬಂದಿದೆ, ಹಾಗಾಗಿ ನಂಬರ್ ನಂಬಿಕೊಂಡು ಹೋಗಬೇಡಿ, ಸುತ್ತಲಿನ ಹೆಸರುಗಳನ್ನು ಹಿಡಿದು ಹೋಗಿ.

ಹೆಸರು ಓದುವಾಗ ನಡುವಿನ 'ಬಿನ್' ಮತ್ತು 'ಕೋಂ' ಬಿಡಬೇಡಿ. ಬಿನ್ ಆದಮೇಲೆ ಬರುವುದು ಅಪ್ಪನ ಹೆಸರು, ಕೋಂ ಆದಮೇಲೆ ಬರುವುದು ಗಂಡನದು. ಒಂದೇ ಹೆಸರಿನ ಇಬ್ಬರು ಬಂದಾಗ ಯಾರು ಯಾರು ಅಂತ ಗೊತ್ತಾಗುವುದು ಇದರಿಂದಲೇ. ವಿಭಾಗಪತ್ರ, ಅಂದರೆ ಮನೆಯವರು ಆಸ್ತಿ ಪಾಲು ಮಾಡಿಕೊಂಡ ಪತ್ರ, ಸಿಕ್ಕರೆ ಇನ್ನೂ ಒಳ್ಳೆಯದು. 1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಹೆಣ್ಣುಮಕ್ಕಳ ಹಕ್ಕಿನ ಕಾನೂನು ತಂದು ತಾಯಿ, ವಿಧವೆ, ಮದುವೆಯಾಗದ ಮಗಳು ಇವರಿಗೆಲ್ಲ ಪಾಲಿನಲ್ಲಿ ಹಕ್ಕು ಕೊಟ್ಟಿತು. ಹಾಗಾಗಿ ಆಮೇಲಿನ ವಿಭಾಗಪತ್ರಗಳನ್ನು ನಾನು ತುಂಬಾ ನಿಧಾನವಾಗಿ ಓದುತ್ತೇನೆ.

ಆದರೆ ಇಷ್ಟೆಲ್ಲ ಮಾಡಿದರೂ ಸಿಗುವುದು ಮನೆ ಯಾರದು ಅನ್ನೋದು. ಮನೆಯಲ್ಲಿ ಯಾರಿದ್ದರು ಅನ್ನೋದು ಬೇರೆ ಪ್ರಶ್ನೆ, ಅಲ್ವಾ? ಹಳೇ ಬೆಂಗಳೂರಿನಲ್ಲಿ ಎಷ್ಟು ಜನ ಬಾಡಿಗೆಗೆ, ವಠಾರದಲ್ಲಿ ಬದುಕಿದರು! ಒಂದೇ ನಲ್ಲಿ, ಒಂದೇ ಅಂಗಳ, ಐದಾರು ಸಂಸಾರ. ಅವರಾರೂ ಕ್ರಯಪತ್ರದಲ್ಲಿಲ್ಲ. ಜನಗಣತಿಯಲ್ಲಿ ಇದ್ದಾರೆ, ಆದರೆ ಅದು ನಮಗೆ ಸಿಗುವುದಿಲ್ಲ. ಅಮೆರಿಕದಲ್ಲಿ 72 ವರ್ಷ ಕಳೆದ ಮೇಲೆ ಮನೆಮನೆಯ ಗಣತಿ ಪಟ್ಟಿಯನ್ನು ಜನರಿಗೆ ಬಿಟ್ಟುಕೊಡುತ್ತಾರೆ. ನಮ್ಮ 1948ರ ಜನಗಣತಿ ಕಾಯ್ದೆ ಪ್ರಕಾರ ಅದನ್ನು ನೋಡುವಂತಿಲ್ಲ.

ಅದಕ್ಕೇ ನಾನು ಲಗ್ನಪತ್ರಿಕೆ ಕೇಳುತ್ತೇನೆ. ಮೂಲೆಗೆ ಅರಿಶಿನ ಹಚ್ಚಿ, ಟ್ರಂಕಿನ ತಳದಲ್ಲಿ ಸೀರೆ ಕೆಳಗೆ ಉಳಿದುಬಿಟ್ಟ ಪತ್ರಿಕೆ. ಅದರಲ್ಲಿ ತಾರೀಖು ಇರುತ್ತದೆ, ವಠಾರದ ವಿಳಾಸ ಇರುತ್ತದೆ, ಎರಡೂ ಕಡೆಯ ಊರು ಇರುತ್ತದೆ, ಕರೆಯುವವರ ಕೆಳಗೆ ಅಣ್ಣ ತಮ್ಮ ಚಿಕ್ಕಪ್ಪ ಸೋದರಮಾವ ಅಂತ ಇಡೀ ಬಳಗವೇ ಇರುತ್ತದೆ. ಹುಡುಗನ ಕೆಲಸವನ್ನೂ ಕೆಲವರು ಹಾಕಿಸುತ್ತಿದ್ದರು. ಒಂದು ಬಾಡಿಗೆ ಮನೆಯ ಬಗ್ಗೆ ಇಷ್ಟನ್ನು ಒಂದೇ ಹಾಳೆಯಲ್ಲಿ ಹೇಳುವ ಸರ್ಕಾರಿ ಕಾಗದ ನಾನು ನೋಡಿಲ್ಲ. ಹಳೇ ಪೋಸ್ಟ್‌ಕಾರ್ಡ್, ರೇಷನ್ ಕಾರ್ಡ್, ಮತದಾರರ ಪಟ್ಟಿ ಇವೂ ಹೀಗೇ ಉಪಯೋಗಕ್ಕೆ ಬರುತ್ತವೆ.

ಗೋಡೆ, ಹೆಂಚು ನೋಡಿ ವಯಸ್ಸು ಹೇಳಬಹುದಾ ಅಂತಲೂ ಕೇಳುತ್ತಾರೆ. ಸ್ವಲ್ಪ ಮಟ್ಟಿಗೆ ಹೇಳಬಹುದು. ಮಂಗಳೂರು ಹೆಂಚಿನ ಮೇಲೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಆದರೆ ಹೆಂಚನ್ನು ಬದಲಾಯಿಸುತ್ತಿರುತ್ತಾರೆ, ಒಂದು ಮನೆಯದು ಇನ್ನೊಂದಕ್ಕೆ ಹೋಗುತ್ತದೆ. ನಾನು ಕಾಗದವನ್ನೇ ಜಾಸ್ತಿ ನಂಬುತ್ತೇನೆ.

ಮನೆಯನ್ನು ಬಿಲ್ಡರ್‌ಗೆ ಕೊಡಲು ಮಾತುಕತೆ ನಡೀತಿದ್ದರೆ ದಯವಿಟ್ಟು ಈ ವಾರವೇ ಅಟ್ಟ ಹತ್ತಿ. ಟ್ರಂಕು ರದ್ದಿಯವನ ಗಾಡಿಗೆ ಹೋಗುವ ಮುಂಚೆ ಒಂದೊಂದು ಕಾಗದದ ಎರಡೂ ಬದಿ ಫೋಟೋ ತೆಗೆಯಿರಿ. ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದ ಬಾಡಿಗೆ ಲೆಕ್ಕ ಇರಬಹುದು. ಓದೋಕೆ ಬರಲಿಲ್ಲ ಅಂದರೆ ನನಗೆ ತೋರಿಸಿ, ಕೂತು ಓದೋಣ.