“ಆ 45 ವೋಲ್ಟಿನ ಬ್ಯಾಟರಿ ಎಲ್ಲಿ ಸಿಗತೈತ್ರೀ?”

ಹಳೇ ವಾಲ್ವ್ (ಗಾಜಿನ ಬುರುಡೆ) ರೇಡಿಯೋ ಕೂಡಿಡುವವರ ಕೈಗೆ ಫಿಲ್ಕೋ ಕಂಪನಿಯ ‘ಮಿಸ್ಟರಿ ಕಂಟ್ರೋಲ್’ ಡಬ್ಬಿ, ಅಂದರೆ ರೇಡಿಯೋದ ಸ್ಟೇಷನ್ನನ್ನು ದೂರದಿಂದಲೇ ಬದಲಿಸುವ ತಂತಿಯಿಲ್ಲದ ರಿಮೋಟ್, ಸಿಕ್ಕರೆ ಮೊದಲು ಬರುವ ಪ್ರಶ್ನೆ ಇದೇ. ಬೆನ್ನಿಗೇ ಇನ್ನೊಂದು: “ಸಿಗಲಿಲ್ಲಂದ್ರ ಒಳಗಿಂದೆಲ್ಲಾ ತಗದು ಬ್ಲೂಟೂತ್ ಕೂಡಿಸಿಬಿಡೂಣೇನ್ರೀ?”

ಸಾದಾ ಸೆಲ್ಲುಗಳನ್ನೇ ಕೂಡಿಸಿ ಆ ಬ್ಯಾಟರಿ ಮಾಡಿಕೊಳ್ಳಬಹುದು, ಸೆಲ್ಲಿಗೆ ಬೆಳಗಾವಿಯ ಗಣಪತ ಗಲ್ಲಿಗೆ ಹೋದರೆ ಸಾಕು. ಬ್ಲೂಟೂತ್ ಮಾತ್ರ ಬೇಡ. ಒಳಗಿನ ಕಾಯಿಲ್ (ತಂತಿಯ ಸುರುಳಿ) ಕಿತ್ತ ಮೇಲೆ ಉಳಿಯುವುದು ಡಯಲ್ ಇರುವ ಕಟ್ಟಿಗೆ ಡಬ್ಬಿ ಅಷ್ಟೇ. ನಿಜವಾದ ಕೆಲಸ ಇರುವುದು ಬ್ಯಾಟರಿಯಲ್ಲಲ್ಲ, ರೇಡಿಯೋದ ಹೊಟ್ಟೆಯಲ್ಲಿ.

ಇದು 1939ರ ಮಾಡೆಲುಗಳೊಂದಿಗೆ ಬಂದ ಸಾಧನ. ಟಿವಿಗೆ ತಂತಿ ಇಲ್ಲದ ರಿಮೋಟ್ ಬಂದದ್ದು 1955ರಲ್ಲಿ, ಅಂದರೆ ಇದಕ್ಕಿಂತ ಬಹಳ ಈಚೆಗೆ. ಡಬ್ಬಿಯ ಮೇಲೆ ಟೆಲಿಫೋನಿನಂಥ ಡಯಲ್, ಒಳಗೆ ಒಂದೇ ಒಂದು ‘30’ ನಂಬರಿನ ವಾಲ್ವ್, ಒಂದು ದೊಡ್ಡ ಕಾಯಿಲ್. ಡಯಲ್ ತಿರುಗಿದಾಗ ಸುಮಾರು 350ರಿಂದ 400 ಕಿಲೋಹರ್ಟ್ಸ್ ನಡುವಿನ ಅಲೆ ತುಂಡು ತುಂಡಾಗಿ ಹೊರಡುತ್ತದೆ. ರೇಡಿಯೋದ ತಳದಲ್ಲಿರುವ ಇನ್ನೊಂದು ಕಾಯಿಲ್ ಅದನ್ನು ಹಿಡಿಯುತ್ತದೆ. ಎಷ್ಟು ತುಂಡು ಬಂತೋ ಅಷ್ಟು ಹೆಜ್ಜೆ ಸ್ಟೆಪ್ಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ವಿಚ್) ಮುಂದೆ ಹೋಗಿ ಆ ಸ್ಟೇಷನ್ನಿಗೆ ನಿಲ್ಲುತ್ತದೆ. ಎಂಟು ಸ್ಟೇಷನ್, ಜೊತೆಗೆ ಧ್ವನಿ ಏರಿಸಲು, ಇಳಿಸಲು ಒಂದೊಂದು ಜಾಗ.

ಮೊದಲು ಬ್ಯಾಟರಿ. 9 ವೋಲ್ಟಿನ ಐದು ಸೆಲ್ಲುಗಳನ್ನು ಸಾಲಾಗಿ, ಒಂದರ ಪ್ಲಸ್ಸಿಗೆ ಮುಂದಿನದರ ಮೈನಸ್ ಕೂಡಿಸಿದರೆ 45 ವೋಲ್ಟ್ ಆಯಿತು. ಈ 45 ವೋಲ್ಟ್ ಹೋಗುವುದು ವಾಲ್ವಿನ ಪ್ಲೇಟ್ ಎಂಬ ಭಾಗಕ್ಕೆ, ಅದಕ್ಕೆ ಬೇಕಾದ ಕರೆಂಟು ಕೆಲವೇ ಮಿಲಿಆಂಪಿಯರ್, ಅಗ್ಗದ ಸೆಲ್ಲೂ ನಡೆಯುತ್ತದೆ. ಫಿಲಮೆಂಟಿಗೆ, ಅಂದರೆ ವಾಲ್ವಿನೊಳಗೆ ಕಾಯುವ ತಂತಿಗೆ, ಟಾರ್ಚಿನ ದೊಡ್ಡ ಸೆಲ್ಲು ಎರಡು, ಒಟ್ಟು 3 ವೋಲ್ಟ್. ಆದರೆ 30ನೇ ವಾಲ್ವಿಗೆ ಬೇಕಾದದ್ದು 2 ವೋಲ್ಟ್, 60 ಮಿಲಿಆಂಪಿಯರ್. ಉಳಿದ 1 ವೋಲ್ಟ್ ಇಳಿಸಲು ಸುಮಾರು 17 ಓಮ್ ಬೇಕು. ಡಬ್ಬಿಯಲ್ಲಿ ಮೊದಲೇ ರೆಸಿಸ್ಟರ್ ಇದೆಯೋ ನೋಡಿ, ಇಲ್ಲದಿದ್ದರೆ 18 ಓಮಿನದು ಹಾಕಿ. ಆಮೇಲೆ ವಾಲ್ವಿನ ಎರಡು ದಪ್ಪ ಪಿನ್ನುಗಳ ನಡುವೆ, ವಾಲ್ವ್ ಉರಿಯುತ್ತಿರುವಾಗಲೇ, 2 ವೋಲ್ಟ್ ಬರುತ್ತದೆಯೇ ಎಂದು ಅಳೆಯಿರಿ.

ಈ ವಾಲ್ವುಗಳನ್ನು ಸುಟ್ಟವರು ಬಹಳ ಮಂದಿ, ಸುಡುವುದೂ ಹೆಚ್ಚಾಗಿ ಒಂದೇ ದಾರಿಯಿಂದ: 45 ವೋಲ್ಟ್ ತಪ್ಪಿ ಫಿಲಮೆಂಟಿಗೆ ಹೋಗುತ್ತದೆ. ವೈರಿನ ಬಣ್ಣ ನಂಬಬೇಡಿ. ಎಂಬತ್ತು ವರ್ಷದಲ್ಲಿ ಯಾರ್ಯಾರು ಬಿಚ್ಚಿ ಕಟ್ಟಿದ್ದಾರೋ. ದಪ್ಪ ಪಿನ್ನುಗಳಿಂದ ಹಿಂದಕ್ಕೆ ಒಂದೊಂದೇ ವೈರು ಹಿಡಿದು ಬನ್ನಿ. ಇದರ ಮೇಲೆ 45 ವೋಲ್ಟಿನ ಪ್ಲಸ್ ವೈರಿನಲ್ಲಿ 1 ಕಿಲೋಓಮಿನ, 3 ವ್ಯಾಟಿನ ರೆಸಿಸ್ಟರ್ ಸೇರಿಸಿ. ಎಲ್ಲಿ ಶಾರ್ಟ್ ಆದರೂ 45 ಮಿಲಿಆಂಪಿಯರಿಗಿಂತ ಹೆಚ್ಚು ಹರಿಯುವುದಿಲ್ಲ, ಫಿಲಮೆಂಟ್ ತಡೆದುಕೊಳ್ಳುವುದು 60. ಕೆಲಸದ ವೇಳೆ ಇದು ನುಂಗುವುದು ಕೆಲವೇ ವೋಲ್ಟ್. ರೆಸಿಸ್ಟರಿನ ಡಬ್ಬಿ ಕಡೆಯ ತುದಿಯಿಂದ ಮೈನಸ್ಸಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕದಿದ್ದರೆ ಅಲೆ ಸೊರಗುತ್ತದೆ, ಅದನ್ನು ಮರೆಯಬೇಡಿ.

ಡಯಲ್ ಎಳೆದಾಗ ಮಾತ್ರ ಸರ್ಕೀಟು ಕೂಡುತ್ತದೆ. ಹಾಗಾಗಿಯೇ ಸೆಲ್ಲು ತಿಂಗಳುಗಟ್ಟಲೆ ಬಾಳುತ್ತದೆ. ರಾತ್ರಿ ಬೆಳಗಾಗುವುದರೊಳಗೆ ಸೆಲ್ಲು ಇಳಿಯುತ್ತಿದ್ದರೆ ಆ ಸ್ವಿಚ್ಚಿನ ಹಿತ್ತಾಳೆ ಪಟ್ಟಿ ಬಾಗಿ ಅಂಟಿಕೊಂಡಿರುತ್ತದೆ. ಡಯಲಿನ ಹಳೇ ಗ್ರೀಸ್ ಮೇಣದಂತೆ ಗಟ್ಟಿಯಾಗಿದ್ದರೆ ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆದು, ಅಕ್ಷಕ್ಕೆ ಮಾತ್ರ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡಿ. ಕಾಂಟ್ಯಾಕ್ಟಿಗೆ ಎಣ್ಣೆ ತಾಗಬಾರದು, ಉಪ್ಪುಕಾಗದವಂತೂ ಮುಟ್ಟಲೇಬಾರದು. ದಪ್ಪ ಬಿಳಿ ಹಾಳೆಯ ಪಟ್ಟಿಯನ್ನು ನಡುವೆ ಇಟ್ಟು ಎಳೆದರೆ ಕಪ್ಪು ಬಂದುಬಿಡುತ್ತದೆ. ಹಲ್ಲು ಮುರಿದ ಗಿಯರ್ ಇದ್ದರೆ ಉದ್ಯಮಬಾಗದ ಲೇಥಿನವರಿಗೆ ಹಳೆಯದನ್ನೇ ಕೊಟ್ಟು ಹಿತ್ತಾಳೆಯಲ್ಲಿ ಮಾಡಿಸಬಹುದು, ಅವರಿಗೆ ಅದು ದೊಡ್ಡ ಕೆಲಸವಲ್ಲ.

ಡಬ್ಬಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ದುಬಾರಿ ಮೀಟರು ಬೇಕಿಲ್ಲ. ಅದರ ಅಲೆ ಮೀಡಿಯಂ ವೇವಿಗಿಂತ ಕೆಳಗಿದ್ದರೂ ಎರಡರಷ್ಟು ಮಾಡಿದ್ದು, ಅಂದರೆ 700ರಿಂದ 800, ಸಾದಾ ಟ್ರಾನ್ಸಿಸ್ಟರ್ ರೇಡಿಯೋದಲ್ಲಿ ಸಿಗುತ್ತದೆ. ಡಬ್ಬಿಯ ಪಕ್ಕದಲ್ಲೇ ಟ್ರಾನ್ಸಿಸ್ಟರ್ ಇಟ್ಟು ಆ ಭಾಗದಲ್ಲಿ ಮುಳ್ಳು ನಿಧಾನ ಸರಿಸುತ್ತ ಡಯಲ್ ತಿರುಗಿಸಿ. ಒಂದು ಜಾಗದಲ್ಲಿ ಗುರುಗುಟ್ಟುವಿಕೆ ತಟ್ಟನೆ ತುಂಡಾಗುತ್ತದೆ. ನಮ್ಮ ಕಡೆ ಒಂದು ಅನುಕೂಲವೂ ಇದೆ: ಧಾರವಾಡ ಆಕಾಶವಾಣಿ 765 ಕಿಲೋಹರ್ಟ್ಸ್. ಡಬ್ಬಿ 382ರ ಆಸುಪಾಸಿನಲ್ಲಿದ್ದರೆ ಧಾರವಾಡದ ಮಾತಿನ ಮೇಲೆಯೇ ಸಿಳ್ಳೆ ಕೇಳುತ್ತದೆ.

ಡಬ್ಬಿ ಸರಿಯಿದ್ದೂ ರೇಡಿಯೋ ಕದಲದಿದ್ದರೆ ಕೆಲಸ ಈಗ ಶುರು. ತಳದ ಕಾಯಿಲಿನಿಂದ ಬಂದ ಅಲೆ ಎರಡು ವಾಲ್ವುಗಳಲ್ಲಿ ದೊಡ್ಡದಾಗಿ 2ಎ4ಜಿ ಎಂಬ ಥೈರಾಟ್ರಾನ್ ವಾಲ್ವನ್ನು (ಸ್ವಿಚ್ಚಿನಂತೆ ತಟ್ಟನೆ ಹೊತ್ತುವ ಅನಿಲ ತುಂಬಿದ ವಾಲ್ವ್) ಹೊತ್ತಿಸುತ್ತದೆ, ಅದು ಸ್ಟೆಪ್ಪರನ್ನು ಎಳೆಯುತ್ತದೆ. ಇದರ ಫಿಲಮೆಂಟ್ 2.5 ವೋಲ್ಟಿಗೆ 2.5 ಆಂಪಿಯರ್ ತಿನ್ನುತ್ತದೆ, ಸಾಕೆಟ್ ಸಡಿಲಾದರೆ ಅಲ್ಲೇ ವೋಲ್ಟ್ ಬಿದ್ದುಹೋಗುತ್ತದೆ. ಹಳೇ ಕಾಗದದ ಕೆಪಾಸಿಟರ್ ಸೋರಿದರೆ ಥೈರಾಟ್ರಾನನ್ನು ಹೊತ್ತದಂತೆ ತಡೆದಿಡುವ ಗ್ರಿಡ್ಡಿನ ಮೈನಸ್ ವೋಲ್ಟ್ ಕೆಡುತ್ತದೆ. ಆಗ ಥೈರಾಟ್ರಾನ್ ತನ್ನಷ್ಟಕ್ಕೇ ಹೊತ್ತಿಕೊಂಡು ರಿಲೇ (ಕರೆಂಟಿನಿಂದ ಎಳೆಯುವ ಸ್ವಿಚ್) ಅಂಟಿ ನಿಲ್ಲುತ್ತದೆ. ಇಂಥಲ್ಲಿ ಸ್ಟೆಪ್ಪರ್ ಬಿಚ್ಚಲು ಹೋಗಬೇಡಿ, ಮೊದಲು ಕಾಗದದ ಕೆಪಾಸಿಟರುಗಳನ್ನೆಲ್ಲ 630 ವೋಲ್ಟಿನ ಫಿಲ್ಮ್ ಕೆಪಾಸಿಟರಿಗೆ ಬದಲಿಸಿ. ಫಿಲ್ಕೋದಲ್ಲಿ ಕೆಲವು ಕಪ್ಪು ಬ್ಯಾಕಲೈಟ್ ಪೆಟ್ಟಿಗೆಯೊಳಗೆ ಡಾಂಬರಿನಲ್ಲಿ ಹುದುಗಿರುತ್ತವೆ. ಪೆಟ್ಟಿಗೆ ಬೆಚ್ಚಗೆ ಮಾಡಿ ಹಿಂದಿನಿಂದ ಒತ್ತಿದರೆ ಗಡ್ಡೆಯಾಗಿ ಹೊರಬರುತ್ತದೆ. ಹೊಸದನ್ನು ಒಳಗೇ ಕೂಡಿಸಿದರೆ ಮೇಲಿನ ನೋಟ ಹಾಗೇ ಉಳಿಯುತ್ತದೆ.

ಡಬ್ಬಿ ಮೂರು ತುಂಡು ಕಳಿಸಿದರೂ ಸ್ಟೆಪ್ಪರ್ ಎರಡೇ ಹೆಜ್ಜೆ ಹೋದರೆ ಅದರ ಗ್ರೀಸೂ ಗಟ್ಟಿಯಾಗಿದೆ ಎಂದರ್ಥ. ಡಯಲ್ ತಡವರಿಸಿ ಬಂದರೂ ಇದೇ ಗತಿ. ಎರಡು ತುಂಡಿನ ನಡುವೆ ಹೆಚ್ಚು ಹೊತ್ತಾದರೆ ಎಣಿಕೆ ಮುಗಿಯಿತೆಂದು ರಿಲೇ ಬಿಟ್ಟುಬಿಡುತ್ತದೆ.

ಮನೆಯ ಕರೆಂಟಿಗೆ ನೇರ ಹಚ್ಚಬೇಡಿ, ಇದು ಅಮೆರಿಕದ 115 ವೋಲ್ಟ್, 60 ಹರ್ಟ್ಸಿನ ಸೆಟ್. ತಾಮ್ರದ ಸುರುಳಿಯ, 250 ವಿಎ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಪ್ರವಾಸಿಗರ ಅಗ್ಗದ ಕನ್ವರ್ಟರ್ ಆಗದು. ನಮ್ಮ 50 ಹರ್ಟ್ಸಿನಲ್ಲಿ ಹಳೇ ಟ್ರಾನ್ಸ್‌ಫಾರ್ಮರ್ ಹೆಚ್ಚು ಕಾಯುತ್ತದೆ, ಆದ್ದರಿಂದ 100ರಿಂದ 105 ವೋಲ್ಟ್ ಕೊಡುವ ಟ್ಯಾಪ್ ಇದ್ದರೆ ಒಳ್ಳೆಯದು. ಬಿಚ್ಚುವ ಮುನ್ನ ಪ್ಲಗ್ ಕಿತ್ತು ಫಿಲ್ಟರ್ ಕೆಪಾಸಿಟರುಗಳನ್ನು 10 ಕಿಲೋಓಮ್, 5 ವ್ಯಾಟಿನ ರೆಸಿಸ್ಟರಿನಿಂದ ಬರಿದು ಮಾಡಿ.

ಬೆಳಗಾವಿಯ ಮಳೆಗಾಲ ಕಾಯಿಲಿನ ಹತ್ತಿಯ ಹೊದಿಕೆಗೆ ಶತ್ರು. ಜುಲೈನಲ್ಲಿ ಸತ್ತ ಸೆಟ್ ಮಾರ್ಚಿನಲ್ಲಿ ತಾನೇ ಬದುಕಿದರೆ ಆಶ್ಚರ್ಯವಿಲ್ಲ. ರಟ್ಟಿನ ಡಬ್ಬದಲ್ಲಿ 60 ವ್ಯಾಟಿನ ಹಳೇ ತಂತಿ ಬಲ್ಬಿನಿಂದ ಗೇಣು ದೂರ, ರಟ್ಟಿಗೆ ಬಲ್ಬು ತಾಗದಂತೆ, ಒಂದು ದಿನ ಕಾಯಿಲನ್ನು ಒಣಗಿಸಿ. ವಿಜಯಪುರ, ಬಾಗಲಕೋಟೆ ಕಡೆ ತೇವಕ್ಕಿಂತ ಧೂಳಿನ ಕಾಟ ಹೆಚ್ಚು, ಅಲ್ಲಿ ಮೆತ್ತನೆಯ ಬ್ರಶ್ ಸಾಕು.

ಕೊನೆಗೆ ಹೊಂದಾಣಿಕೆ. ಮೊದಲು ಸಿಗ್ನಲ್ ಜನರೇಟರಿನಿಂದ (ಬೇಕಾದ ಅಲೆ ಕೊಡುವ ಯಂತ್ರ) ರೇಡಿಯೋ ಭಾಗವನ್ನು ಅದರ ನಿಗದಿತ ಕಿಲೋಹರ್ಟ್ಸಿಗೆ ತನ್ನಿ, ಆಮೇಲೆ ಡಬ್ಬಿಯ ಟ್ರಿಮ್ಮರನ್ನು (ಅಲೆ ಹೊಂದಿಸುವ ಸಣ್ಣ ತಿರುಪು) ಅದಕ್ಕೆ ಕೂಡಿಸಿ. ಉಲ್ಟಾ ಮಾಡಿದರೆ ಎರಡೂ ತಪ್ಪಿದ ಜಾಗದಲ್ಲಿ ಒಪ್ಪಿಕೊಂಡು ಕೂರುತ್ತವೆ. ದೂರ ಎರಡರಷ್ಟಾದರೆ ಬಲ ಎಂಟನೇ ಒಂದಕ್ಕೆ ಇಳಿಯುತ್ತದೆ, ಅದೇ ಕೋಣೆಯೊಳಗೆ ನಡೆದರೆ ಸಾಕೆನ್ನಿ. ದೂರಕ್ಕೆಂದು ಸೆನ್ಸಿಟಿವಿಟಿ (ಅಲೆ ಹಿಡಿಯುವ ಚುರುಕು) ಏರಿಸಿದರೆ ಈಗಿನ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರುಗಳ ಗದ್ದಲಕ್ಕೇ ಸ್ಟೆಪ್ಪರ್ ಕುಣಿಯಲು ಶುರುಮಾಡುತ್ತದೆ. ಅವನ್ನೆಲ್ಲ ಆರಿಸಿ, ಒಂದೊಂದೇ ಹಚ್ಚುತ್ತ ಯಾವುದು ಕೆಣಕುತ್ತದೆ ನೋಡಿ, ಅದಾದ ಮೇಲೆ ಸೆನ್ಸಿಟಿವಿಟಿಯನ್ನು ಸ್ಟೆಪ್ಪರ್ ತಾನಾಗಿ ಕದಲದ ಮಟ್ಟಕ್ಕೆ ಇಳಿಸಿ ಬಿಡಿ.